ಅಡುಗೆಮನೆಯ ಕಿಟಕಿ

ಅಜ್ಜಿಯ ಮನೆ ಖಾಲಿ ಮಾಡಲು
ಗ್ಯುಮ್ರಿಯಿಂದ ಯೆರೆವಾನಿಗೆ ಬಂದಿದ್ದೇನೆ,
ಅಂಗಡಿಗೆ ಮೂರು ದಿನ ಬೀಗ.
ನಾನು ಕನ್ನಡಕ ಮಾರುವವಳು. ಭೌತಶಾಸ್ತ್ರದಲ್ಲಿ
ಎರಡು ಸಲ ನಪಾಸಾದವಳು. ಇದನ್ನು
ಮೊದಲೇ ಹೇಳಿಬಿಡುವುದು ಒಳ್ಳೆಯದು.

ವಿಶ್ವವಿದ್ಯಾಲಯದಿಂದ ಯಾರೋ ಹುಡುಗ ಫೋನು ಮಾಡಿದ್ದ:
'ಶೋಘಾಕಾತ್ ಮುರಾದ್ಯಾನ್ ಅವರ ಗಾಜಿನ ಫಲಕಗಳು
ನಿಮ್ಮಲ್ಲಿ ಉಳಿದಿರಬಹುದೆ? ಹನ್ನೊಂದನೆಯ ಪೆಟ್ಟಿಗೆ?'
ಆ ಹೆಸರನ್ನು ಮನೆಯಲ್ಲಿ ಯಾರೂ ಪೂರ್ತಿ ಕರೆಯುತ್ತಿರಲಿಲ್ಲ.
ಬೆಳಕಿನ ಹನಿ ಎಂದು ಅರ್ಥ. ನಮಗೆ ಬರೀ ಶೋಘಿಕ್.

ಅಲಮಾರು ನೋಡಿದೆ. ಮಂಚದಡಿ ನೋಡಿದೆ.
ಸಿಕ್ಕಿದ್ದು ತುಕ್ಕು ಹಿಡಿದ ಸ್ಕೀ ಕೊಂಡಿ,
ಏಪ್ರಿಕಾಟಿನ ಡಬ್ಬಿ, ಒಳಗೆ ಬೀಜ ಮಾತ್ರ,
ರಷ್ಯನ್ನಿನಲ್ಲಿ ಒಂದು ಪ್ರಬಂಧ,
ಗಂಡಸರ ಮೂರು ಹೆಸರು ಮೇಲೆ,
ಕೊನೆಯ ಪುಟದ ತಳದಲ್ಲಿ ಸಣ್ಣಕ್ಷರ:
'ತಾಂತ್ರಿಕ ಸಹಾಯಕ್ಕೆ ಸಂಗಾತಿ ಮುರಾದ್ಯಾನ್‌ಗೆ ಕೃತಜ್ಞತೆ.'

ಸಹಾಯವಂತೆ.
ಅರಗಾತ್ಸ್ ಬೆಟ್ಟದ ನೆತ್ತಿಯ ಹತ್ತಿರ
ಚಳಿಗಾಲ ಪೂರ್ತಿ ಕಳೆದ ಮೊದಲ ಹೆಂಗಸು.
ಹೆಣ್ಣಿಗೆ ಬೇರೆ ಕೋಣೆ ಇಲ್ಲ ಎಂದರಂತೆ;
ಬ್ಯಾಟರಿ ಇಡುವ ಕೋಣೆಯಲ್ಲಿ ಮಲಗಿದಳು, ಏಳು ಚಳಿಗಾಲ.
ಆಕಾಶದಿಂದ ಏನೋ ಬೀಳುತ್ತದೆ ಸದ್ದಿಲ್ಲದೆ,
ಹಿಮದ ಹಾಗಲ್ಲ, ಹಿಮವನ್ನೂ ಸೂರನ್ನೂ
ಮಲಗಿದವಳನ್ನೂ ತೂರಿಕೊಂಡು.
ಅದು ಗಾಜಿನ ಮೇಲೆ ಗೀಚಿಹೋದದ್ದನ್ನು
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕುವುದು, ಇಷ್ಟೇ ಕೆಲಸ.
ಎಡಗಣ್ಣು ಹೋದದ್ದು ಅದಕ್ಕೇ ಎನ್ನುತ್ತಿದ್ದಳು ಅಮ್ಮ.
ಅಜ್ಜಿ ತಿದ್ದುತ್ತಿದ್ದಳು: ಹೋಗಿದ್ದಲ್ಲ, ಖರ್ಚಾಗಿದ್ದು.

ಕೆಳಗಿನ ಮನೆಯ ಮುದುಕ ವಾಚಗಾನ್ ಬಂದು ಕೂತ.
ಕಾಫಿ ಕುಡಿದು ಬಟ್ಟಲು ಬೋರಲು ಹಾಕಿದ.
'ಪೆಟ್ಟಿಗೆಯೆ? ಒಲೆಗೆ ಹಾಕಿದೆವಲ್ಲ.
ಆ ಕತ್ತಲ ವರ್ಷ. ದಿನಕ್ಕೊಂದು ಗಂಟೆ ಕರೆಂಟು.
ಪಾರ್ಕಿನ ಮರ ಮುಗಿದವು, ನೆಲದ ಹಲಗೆ ಕಿತ್ತೆವು.
ನಿನ್ನಜ್ಜಿ ಪುಸ್ತಕ ಕೊಟ್ಟಳು, ಆಮೇಲೆ ಮೇಜು,
ಆಮೇಲೆ ಆ ಪೆಟ್ಟಿಗೆಗಳನ್ನು ತಾನೇ ಮುರಿದಳು.
ಚೆನ್ನಾಗಿ ಉರಿದವು. ಬೀಚ್ ಮರ.'
'ಗಾಜು?'
'ಗಾಜು ಉರಿಯುತ್ತದೆಯೆ ಮಗಳೇ?'
ಕಿಟಕಿಯ ಕಡೆ ಗದ್ದ ಎತ್ತಿದ.

ಅಡುಗೆಮನೆಯ ಕಿಟಕಿ.
ಉಸಿರು ಬಿಟ್ಟು, ಬೆರಳಲ್ಲಿ
ನಾನು ಮುಖಗಳನ್ನು ಬರೆದ ಕಿಟಕಿ.
ಅಂಗೈಯಗಲದ ತುಂಡುಗಳು, ಪುಟ್ಟಿ ಮೆತ್ತಿ ಕೂಡಿಸಿದ್ದು.
ಎಣಿಸಿದೆ, ನಲವತ್ತೆಂಟು. ಉಜ್ಜಿ ತೊಳೆದ ಬರಿ ಗಾಜು.
ಬಿಸಿನೀರು, ಸೋಡಾ, ಚಾಕುವಿನ ಬೆನ್ನು:
ಏಳು ಚಳಿಗಾಲದ ಆಕಾಶ ಕೆರೆದು ತೆಗೆದು
ಒಂದು ಚಳಿಗಾಲವನ್ನು ಹೊರಗೆ ನಿಲ್ಲಿಸಿದ್ದಳು.
ನಾನು ಹುಟ್ಟಿದ್ದು ಆಗ. ಎಂಟನೇ ತಿಂಗಳಿಗೇ,
ಬೆಕ್ಕಿನ ಮರಿಯಷ್ಟು.

ಅಳು ಬರಲಿಲ್ಲ. ಸಿಟ್ಟು ಬಂತು,
ಯಾರ ಮೇಲೆಂದು ತಿಳಿಯಲಿಲ್ಲ.

ಮೇಲಿನ ಸಾಲಿನ ಎಡಮೂಲೆಗೆ ಮೂರು ತುಂಡು
ಚಹಾದ ಬಣ್ಣ. ಕೊಳೆ ಎಂದುಕೊಂಡಿದ್ದೆವು.
ಈಸ್ಟರಿಗೆ ಒರೆಸಲು ಹೋದಾಗೆಲ್ಲ
ಅಮ್ಮ ಬೈಸಿಕೊಳ್ಳುತ್ತಿದ್ದಳು.
ಕುರ್ಚಿ ಹತ್ತಿದೆ. ಲೆನ್ಸಿನ ಗೀರು ಹುಡುಕುವ
ಅಂಗಡಿಯ ಪುಟ್ಟ ಸೂಕ್ಷ್ಮದರ್ಶಕ ಗಾಜಿಗೆ ಒತ್ತಿ ನೋಡಿದೆ.
ಧೂಳು. ಎಣ್ಣೆ ಜಿಡ್ಡು. ನೊಣದ ಕಾಲು.
ಮತ್ತೆ ನೋಡಿದೆ.

ಕೂದಲನ್ನು ಹತ್ತಾಗಿ ಸೀಳಿದರೆ ಎಷ್ಟೋ ಅಷ್ಟು,
ಕಪ್ಪು ಚುಕ್ಕಿಗಳು, ಇರುವೆ ಸಾಲು ಹೊರಟ ಹಾಗೆ
ನೆಟ್ಟಗೆ ಬಂದು, ಯಾವುದಕ್ಕೋ ಬಡಿದು,
ತಟ್ಟನೆ ಐದಾಗಿ ಸಿಡಿದಿವೆ.
ಸುತ್ತ ಶಾಯಿಯ ವೃತ್ತ.
ಅಂಚಿನಲ್ಲಿ ಅವಳ ಅಕ್ಷರ, ಸಾಸಿವೆಯಷ್ಟು:
'ಇದು ನನ್ನದು. ಶೋ.'

ಹುಡುಗನಿಗೆ ಫೋನು ಮಾಡಿದೆ. ಪೆಟ್ಟಿಗೆ ಇಲ್ಲ ಎಂದೆ.
ಏಣಿ ತನ್ನಿ. ಪುಟ್ಟಿ ಬಿಡಿಸಲು ತೆಳ್ಳನೆಯ ಉಳಿ ತನ್ನಿ.
ಇದೇ ಅಳತೆಗೆ ಮೂರು ತುಂಡು ಹೊಸ ಗಾಜು,
ಮರೆಯದೆ.
ಮನೆ ಕೊಳ್ಳುವವರಿಗೆ ಕೂಸಿದೆ,
ನಾಳೆ ಹಿಮ ಅನ್ನುತ್ತಿದ್ದಾರೆ.